ಡಿಸೈನ್ ತರಗತಿಗೆ ಕೈಬರಹದ ಪೋಸ್ಟರ್: ಮೊದಲು ಅಕ್ಷರ, ಆಮೇಲೆ ಚಿತ್ರ, ಕೊನೆಗೆ ಬಣ್ಣ

ಕಂಪ್ಯೂಟರ್ ಮುಟ್ಟದೆ, ಪೂರ್ತಿ ಕೈಯಿಂದಲೇ ಒಂದು ಪೋಸ್ಟರ್ ಮಾಡಿ ತನ್ನಿ ಎಂದು ಗ್ರಾಫಿಕ್ ಡಿಸೈನ್ ತರಗತಿಯಲ್ಲಿ ಹೇಳಿದ ಕೂಡಲೇ ಹೆಚ್ಚಿನ ವಿದ್ಯಾರ್ಥಿಗಳು ಹಾಳೆಯ ನಡುವೆ ಚಿತ್ರ ಬಿಡಿಸಲು ಕುಳಿತುಬಿಡುತ್ತಾರೆ. ಚಿತ್ರ ಚೆನ್ನಾಗಿಯೇ ಬಂದಿರುತ್ತದೆ. ಎರಡು ದಿನ ಕಳೆದು, ಬಣ್ಣವನ್ನೂ ತುಂಬಿದ ಮೇಲೆ, ಉಳಿದ ಜಾಗದಲ್ಲಿ ಶೀರ್ಷಿಕೆ ಬರೆಯಲು ಹೊರಟಾಗ ಎಡಗಡೆಯ ಅಕ್ಷರಗಳು ದಪ್ಪವಾಗಿಯೂ ಬಲಗಡೆಯವು ಇಕ್ಕಟ್ಟಾಗಿಯೂ ಬಂದು, ಕೊನೆಯ ಅಕ್ಷರ ಹಾಳೆಯ ಅಂಚಿಗೆ ತಾಗಿ ನಿಲ್ಲುತ್ತದೆ. ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಹೋಗಿ ಕೂರುತ್ತವೆ. ಹಾಸನ, ಚಿಕ್ಕಮಗಳೂರು ಕಡೆಯ ವಿದ್ಯಾರ್ಥಿಗಳು ತಂದು ತೋರಿಸುವ ಪೋಸ್ಟರ್‌ಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದು ಇದೇ ತಪ್ಪನ್ನು. ಕೈಚಳಕಕ್ಕೆ ಕೊರತೆಯಿಲ್ಲ, ಕೆಲಸದ ಅನುಕ್ರಮ ಮಾತ್ರ ತಲೆಕೆಳಗಾಗಿರುತ್ತದೆ.

ಮಾತು ಗಾಳಿಯಲ್ಲಿ ಉಳಿಯಬಾರದೆಂದು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳುತ್ತೇನೆ. ಮುಳ್ಳಯ್ಯನಗಿರಿಗೆ ಹೋಗುವವರು ಪ್ಲಾಸ್ಟಿಕ್ ಬಾಟಲಿಯನ್ನು ಮೇಲೆ ಬಿಟ್ಟು ಬರಬಾರದು ಎಂಬುದು ವಿಷಯ. ಅಳತೆ ಎ2, ಅಂದರೆ 42 × 59.4 ಸೆಂ.ಮೀ. ದಿನಕ್ಕೆ ಎರಡು ಗಂಟೆಯಂತೆ ಐದು ದಿನ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಇನ್ನೂ ಒಂದು ದಿನ ಸೇರಿಸಿಕೊಳ್ಳಬೇಕು.

## ಕೂರುವ ಮೊದಲು ಕೈಗೆ ಸಿಗಬೇಕಾದ ಸಾಮಗ್ರಿ

ಹಾಳೆಯ ವಿಚಾರದಲ್ಲಿ ಜಿಪುಣತನ ಬೇಡ. ಶಾಲೆಯಲ್ಲಿ ಬಳಸುವ ತೆಳು ಚಾರ್ಟ್ ಶೀಟ್ ನೀರು ತಾಗಿದೊಡನೆ ಅಲೆಅಲೆಯಾಗಿ ಏಳುತ್ತದೆ, ಒಣಗಿದ ಮೇಲೂ ಸಪಾಟಾಗುವುದಿಲ್ಲ. ಕನಿಷ್ಠ 200 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆಂಬ ಲೆಕ್ಕ), ಸಾಧ್ಯವಾದರೆ 300 ಜಿಎಸ್‌ಎಂ ತೂಕದ, ಹೊಳಪಿಲ್ಲದ ಡ್ರಾಯಿಂಗ್ ಶೀಟ್ ಕೊಳ್ಳಿ. ಹೊಳಪಿರುವ ಹಾಳೆಯ ಮೇಲೆ ಪೋಸ್ಟರ್ ಕಲರ್ ಜಾರುತ್ತದೆ. ಅಂಗಡಿಯಲ್ಲಿ ಸುರುಳಿ ಸುತ್ತಿಟ್ಟ ಹಾಳೆಯ ಬದಲು ಚಪ್ಪಟೆಯಾಗಿ ಜೋಡಿಸಿಟ್ಟ ಹಾಳೆಯನ್ನೇ ಕೇಳಿ, ಮತ್ತು ಎ2ಗಿಂತ ದೊಡ್ಡದನ್ನೇ ತನ್ನಿ. ಹೆಚ್ಚುವರಿ ಅಂಚಿಗೆ ಮುಂದೆ ಕೆಲಸವಿದೆ.

ಉಳಿದವು ಇವು: ಹಾಳೆಗಿಂತ ದೊಡ್ಡದಾದ ಪ್ಲೈವುಡ್ ಹಲಗೆ, 60 ಸೆಂ.ಮೀ. ಸ್ಟೀಲ್ ಸ್ಕೇಲ್, ಸೆಟ್‌ಸ್ಕ್ವೇರ್, 2ಎಚ್, ಎಚ್‌ಬಿ ಮತ್ತು 6ಬಿ ಪೆನ್ಸಿಲ್, ಟ್ರೇಸಿಂಗ್ ಪೇಪರ್, ಮಾಸ್ಕಿಂಗ್ ಟೇಪ್, ಕಟರ್, 2 ಮತ್ತು 6ನೇ ಸಂಖ್ಯೆಯ ರೌಂಡ್ ಬ್ರಶ್, ಅರ್ಧ ಇಂಚು ಮತ್ತು ಒಂದು ಇಂಚಿನ ಫ್ಲ್ಯಾಟ್ ಬ್ರಶ್, ಹಳೆಯ ಹತ್ತಿ ಬಟ್ಟೆ, ಬಿಗಿ ಮುಚ್ಚಳವಿರುವ ನಾಲ್ಕೈದು ಸಣ್ಣ ಡಬ್ಬಿಗಳು, ನೀರಿಗೆ ಎರಡು ಲೋಟ. 30 ಸೆಂ.ಮೀ. ಸ್ಕೇಲನ್ನೇ ಎರಡು ಸಲ ಸರಿಸಿ ಎಳೆದ ಗೆರೆ ನಡುವೆ ಕೂದಲೆಳೆಯಷ್ಟು ಮುರಿಯುತ್ತದೆ. ಉದ್ದದ ಶೀರ್ಷಿಕೆಯಡಿ ಅದು ಎದ್ದು ಕಾಣುತ್ತದೆ. ಪೋಸ್ಟರ್ ಕಲರ್‌ನಲ್ಲಿ ಬಿಳಿಯ ಬಾಟಲಿ ಮಾತ್ರ ದೊಡ್ಡದಿರಲಿ, ಅದು ಉಳಿದೆಲ್ಲ ಬಣ್ಣಕ್ಕಿಂತ ಬೇಗ ಮುಗಿಯುತ್ತದೆ.

## ಹಂತ 1: ಬರೆಯಬೇಕಾದ ಮಾತನ್ನು ಮೊದಲು ನಿಗದಿ ಮಾಡುವುದು

ಪೆನ್ಸಿಲ್ ಹಿಡಿಯುವ ಮೊದಲು ಪೋಸ್ಟರ್‌ನ ಎಲ್ಲ ಮಾತುಗಳನ್ನೂ ನೋಟ್ ಪುಸ್ತಕದಲ್ಲಿ ಬರೆಯಿರಿ. ‘ಪರಿಸರವನ್ನು ಸಂರಕ್ಷಿಸಿ, ಪ್ಲಾಸ್ಟಿಕ್ ತ್ಯಜಿಸಿ, ಭೂಮಿಯನ್ನು ಉಳಿಸಿ’ ಎಂಬಂಥ ಸಾಲು ಯಾರ ಕಣ್ಣನ್ನೂ ತಡೆಯುವುದಿಲ್ಲ. ಅದು ಯಾವ ಊರಿಗಾದರೂ ಹೊಂದುತ್ತದೆ, ಆದ್ದರಿಂದ ಯಾವ ಊರಿಗೂ ತಾಗುವುದಿಲ್ಲ. ನಮ್ಮ ಉದಾಹರಣೆಗೆ ನಾನು ಆರಿಸಿದ್ದು ಎರಡು ಸಾಲು: ದೊಡ್ಡದಾಗಿ ‘ಮುಳ್ಳಯ್ಯನಗಿರಿ’, ಅದರ ಕೆಳಗೆ ‘ಹೊತ್ತ ಬಾಟಲಿ ಹೊತ್ತೇ ಇಳಿಯಿರಿ’. ಇಡೀ ಪೋಸ್ಟರ್‌ನಲ್ಲಿ ಹತ್ತು ಪದ ದಾಟಿದರೆ ಕಡಿಮೆ ಮಾಡಿ.

ಬರೆದ ಸಾಲನ್ನು ಇನ್ನೊಬ್ಬರಿಗೆ ಓದಿಸಿ ಕಾಗುಣಿತ ನೋಡಿಸಿಕೊಳ್ಳುವುದು ಈಗಲೇ ಆಗಬೇಕು. ಹಸಿರು ಬಣ್ಣದ ಮೇಲೆ ಎಂಟು ಸೆಂಟಿಮೀಟರ್ ಅಗಲಕ್ಕೆ ಬರೆದ ತಪ್ಪು ಅಕ್ಷರವನ್ನು ಅಳಿಸಲು ರಬ್ಬರ್ ಇಲ್ಲ.

## ಹಂತ 2: ಸಣ್ಣ ಕರಡುಗಳು

ಎ2 ಅಳತೆಯ ಆರನೇ ಒಂದು ಭಾಗವೆಂದರೆ 7 × 9.9 ಸೆಂ.ಮೀ. ಈ ಅಳತೆಯ ಹನ್ನೆರಡು ಚೌಕಟ್ಟುಗಳನ್ನು ಎಳೆದುಕೊಂಡು, ಪ್ರತಿಯೊಂದರಲ್ಲೂ ಚಿತ್ರವನ್ನು ಬರಿಯ ಕಪ್ಪು ಆಕಾರವಾಗಿಯೂ ಅಕ್ಷರದ ಸಾಲನ್ನು ಬೂದು ಪಟ್ಟಿಯಾಗಿಯೂ ತುಂಬಿ. ಒಂದಕ್ಕೆ ಮೂರು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಚೌಕಟ್ಟಿನಲ್ಲಿ ಅಳೆದದ್ದನ್ನು ಆರರಿಂದ ಗುಣಿಸಿದರೆ ಹಾಳೆಯ ಅಳತೆ ಸಿಗುತ್ತದೆ. ಬೇರೆ ಪ್ರಮಾಣದ ಚೌಕಟ್ಟಿನಲ್ಲಿ ಕರಡು ಮಾಡಿದವರಿಗೆ ದೊಡ್ಡ ಹಾಳೆಯಲ್ಲಿ ಜಾಗ ಹೆಚ್ಚೋ ಕಡಿಮೆಯೋ ಆಗುವುದು ಇದೇ ಕಾರಣಕ್ಕೆ.

ಮೊದಲ ಮೂರು ನಾಲ್ಕು ಕರಡುಗಳು ಎಲ್ಲರಿಗೂ ಹೊಳೆಯುವಂಥವೇ ಆಗಿರುತ್ತವೆ: ಭೂಮಿಯನ್ನು ಹಿಡಿದ ಎರಡು ಕೈ, ಕಣ್ಣೀರಿಡುವ ಮರ. ಅವನ್ನು ಬರೆದು ಮುಗಿಸಿದ ಮೇಲೆಯೇ ಬೇರೆಯದು ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಒಂದರ ಹಿಂದೊಂದು ನಿಂತ ಮೂರು ಗುಡ್ಡದ ಸಾಲುಗಳಿದ್ದು, ಎಲ್ಲಕ್ಕಿಂತ ಮುಂದಿನ ನಾಲ್ಕನೆಯ ಸಾಲು ಗುಡ್ಡವೇ ಎಂದು ಮೊದಲು ಅನಿಸಿ, ಹತ್ತಿರ ಹೋದಾಗ ಅಡ್ಡ ಬಿದ್ದ, ನಜ್ಜುಗುಜ್ಜಾದ ಬಾಟಲಿಯೆಂದು ತಿಳಿಯುತ್ತದೆ. ಇದಕ್ಕೆ ನಾಲ್ಕು ಆಕಾರಗಳು ಸಾಕು.

ಹಾಸನದ ವಿದ್ಯಾರ್ಥಿಗಳಿಗೆ ಇಲ್ಲೊಂದು ಮಾತು. ವಿಷಯ ಬೇಲೂರು, ಹಳೇಬೀಡು ಎಂದಾದರೆ ಶಿಲಾಬಾಲಿಕೆಯನ್ನೇ ಬಿಡಿಸಲು ಮನಸ್ಸು ಓಡುತ್ತದೆ. ಬಳಪದ ಕಲ್ಲಿನ ಆ ಸೂಕ್ಷ್ಮ ಕೆತ್ತನೆ ಹತ್ತು ಅಡಿ ದೂರದ ಪೋಸ್ಟರ್‌ನಲ್ಲಿ ಕಪ್ಪು ಕಲೆಯಾಗಿ ಮಾತ್ರ ಉಳಿಯುತ್ತದೆ. ದೇವಾಲಯದ ನಕ್ಷತ್ರಾಕಾರದ ಜಗತಿಯ, ಅಂದರೆ ಅದು ನಿಂತಿರುವ ಎತ್ತರದ ಕಟ್ಟೆಯ ಹೊರಗೆರೆಯನ್ನೋ, ತಿರುಗಣಿಯಲ್ಲಿ ಕಡೆದಂತಿರುವ ಕಂಬದ ಉಬ್ಬುತಗ್ಗಿನ ಪಾರ್ಶ್ವರೇಖೆಯನ್ನೋ ಆರಿಸಿಕೊಂಡರೆ ಒಂದೇ ಬಣ್ಣದಲ್ಲಿಯೂ ಗುರುತು ಸಿಗುತ್ತದೆ.

ಎಚ್ಚರಿಕೆಯ ಲಕ್ಷಣ: ಕರಡನ್ನು ತೋಳಿನಳತೆಯ ದೂರ ಹಿಡಿದು ಕಣ್ಣು ಕಿರಿದು ಮಾಡಿದಾಗ ಮೊದಲು ಯಾವುದು ಕಾಣಬೇಕೆಂದು ನಿಮಗೇ ಹೇಳಲು ಆಗದಿದ್ದರೆ ಆ ಕರಡನ್ನು ದೊಡ್ಡದು ಮಾಡಬೇಡಿ.

## ಹಂತ 3: ಅಕ್ಷರಗಳ ಅಳತೆ ಮತ್ತು ಜೋಡಣೆ

ಐದು ದಿನಗಳಲ್ಲಿ ಒಂದೂವರೆ ದಿನ ಈ ಹಂತಕ್ಕೇ ಹೋಗಬೇಕು. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಎಂಬ ರೂಢಿಯ ಲೆಕ್ಕ ಇಂಗ್ಲಿಷಿನ ದೊಡ್ಡ ಅಕ್ಷರಗಳಿಗೆ ಹೊಂದುವಂಥದ್ದು. ಕನ್ನಡದ ಅಕ್ಷರದೊಳಗೆ ಕುಣಿಕೆ, ಸುಳಿಗಳು ಹೆಚ್ಚಿರುವುದರಿಂದ ಅದಕ್ಕೆ ಅರ್ಧದಷ್ಟಾದರೂ ಸೇರಿಸಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಅನುಭವ.

ಎರಡು ಗೆರೆಯ ನಡುವೆ ಕನ್ನಡ ಬರೆಯಲು ಹೋಗುವುದೇ ಮೊದಲ ತಪ್ಪು; ನಾಲ್ಕು ಗೆರೆ ಬೇಕು. ನಡುವಿನ ಎರಡು ಗೆರೆಗಳ ನಡುವೆ ಅಕ್ಷರದ ಮೈ, ಮೇಲಿನ ಪಟ್ಟಿಯಲ್ಲಿ ಗುಡಿಸು, ಕೆಳಗಿನ ಪಟ್ಟಿಯಲ್ಲಿ ಒತ್ತಕ್ಷರ ಕೂರಬೇಕು. ನಮ್ಮ ಶೀರ್ಷಿಕೆಗೆ ಮೈ 5 ಸೆಂ.ಮೀ., ಮೇಲೆ 1.5, ಕೆಳಗೆ 3, ಒಟ್ಟು 9.5 ಸೆಂ.ಮೀ. ಎತ್ತರದ ಪಟ್ಟಿ ಬೇಕಾಗುತ್ತದೆ. ಎರಡನೆಯ ಸಾಲಿನ ಪಟ್ಟಿ ಈ 9.5 ಮುಗಿದ ಮೇಲೆಯೇ ಶುರುವಾಗಬೇಕು. ‘ಳ್ಳ’ ಮತ್ತು ‘ಯ್ಯ’ದ ಒತ್ತುಗಳು ಇಳಿಯುವುದು ಆ ಮೂರು ಸೆಂಟಿಮೀಟರಿನಲ್ಲಿಯೇ.

ಇನ್ನು ಅಗಲ. 42 ಸೆಂ.ಮೀ. ಹಾಳೆಯಲ್ಲಿ ಎರಡೂ ಬದಿಗೆ 3 ಸೆಂ.ಮೀ. ಬಿಟ್ಟರೆ ಉಳಿಯುವುದು 36. ‘ಮುಳ್ಳಯ್ಯನಗಿರಿ’ಯಲ್ಲಿ ಆರು ಅಕ್ಷರಗಳಿವೆ ಎಂದುಕೊಂಡು ಆರರಿಂದ ಭಾಗಿಸಿದರೆ ಕೆಟ್ಟಿತು, ಏಕೆಂದರೆ ಮೊದಲೇ ಅಗಲವಾದ ‘ಮ’ಕ್ಕೆ ಬಲದಲ್ಲಿ ಕೊಂಬು ಸೇರಿ ‘ಮು’ ಆಗುತ್ತದೆ, ಆದರೆ ‘ಗಿ’, ‘ರಿ’ಗಳು ಅದರ ಅರ್ಧ ಜಾಗದಲ್ಲಿ ಮುಗಿಯುತ್ತವೆ. ನಾನು ಹಂಚಿದ ಬಗೆ ಹೀಗಿದೆ: ಮು 8, ಳ್ಳ 6, ಯ್ಯ 7, ನ 4.5, ಗಿ 4, ರಿ 4. ಇವುಗಳ ಮೊತ್ತ 33.5; ನಡುವಿನ ಐದು ಅಂತರಗಳಿಗೆ ಅರ್ಧರ್ಧ ಸೆಂಟಿಮೀಟರಿನಂತೆ 2.5, ಸರಿಯಾಗಿ 36. ಸಾಲಿನಲ್ಲಿ ಅರ್ಕಾವತ್ತು ಇದ್ದರೆ ಅದಕ್ಕೂ ಬಲಗಡೆ ಪ್ರತ್ಯೇಕ ಅಗಲ ಹಿಡಿಯಬೇಕು, ಅದನ್ನು ಮರೆಯುವವರು ಬಹಳ.

ಈ ಲೆಕ್ಕವೂ ಅಂದಾಜೇ. ಕೊನೆಯ ತೀರ್ಮಾನ ಕಣ್ಣಿನದು. ಆದ್ದರಿಂದ ಪ್ರತಿ ಅಕ್ಷರವನ್ನೂ ಟ್ರೇಸಿಂಗ್ ಪೇಪರಿನ ಬೇರೆ ಬೇರೆ ತುಂಡಿನ ಮೇಲೆ ಬರೆದು, ನಾಲ್ಕು ಗೆರೆ ಎಳೆದ ಉದ್ದನೆಯ ಪಟ್ಟಿಯ ಮೇಲಿಟ್ಟು, ಎಡಕ್ಕೂ ಬಲಕ್ಕೂ ಸರಿಸುತ್ತಾ ನೋಡಿ. ‘ನ’ ಮತ್ತು ‘ಗಿ’ ನಡುವೆ ಸ್ಕೇಲು ಅರ್ಧ ಸೆಂಟಿಮೀಟರ್ ತೋರಿಸುತ್ತಿದ್ದರೂ ಎರಡರ ಬದಿಗಳು ದುಂಡಾದ್ದರಿಂದ ಮೇಲೆ ಕೆಳಗೆ ಖಾಲಿ ಜಾಗ ಸೇರಿಕೊಂಡು ಅಂತರ ದೊಡ್ಡದಾಗಿ ಕಾಣುತ್ತದೆ; ಎರಡು ಮಿಲಿಮೀಟರ್ ಹತ್ತಿರಕ್ಕೆ ತಂದರೆ ಸರಿಹೋಗುತ್ತದೆ. ಒಪ್ಪಿಗೆಯಾದ ಮೇಲೆ ತುಂಡುಗಳನ್ನು ಟೇಪಿನಿಂದ ಅಂಟಿಸಿ. ಪಟ್ಟಿಯನ್ನು ತಲೆಕೆಳಗು ಮಾಡಿ ಮತ್ತೊಮ್ಮೆ ನೋಡಿ. ಓದಲು ಬಾರದ ಸ್ಥಿತಿಯಲ್ಲಿ ಅಕ್ಷರಗಳು ಬರಿಯ ಆಕಾರಗಳಾಗುವುದರಿಂದ ಅಂತರದ ದೋಷ ತಕ್ಷಣ ಸಿಕ್ಕಿಬೀಳುತ್ತದೆ.

ಅಕ್ಷರದ ಶೈಲಿಗಾಗಿ ಕಂಪ್ಯೂಟರಿನ ಫಾಂಟ್ ಒಂದನ್ನು ಮುದ್ರಿಸಿ ಹಾಗೆಯೇ ನಕಲಿಳಿಸುವವರಿದ್ದಾರೆ. ಅದು ಪಾಠ ಹೇಳುವವರಿಗೆ ದೂರದಿಂದಲೇ ತಿಳಿಯುತ್ತದೆ. ಫಾಂಟನ್ನು ಮುಂದಿಟ್ಟುಕೊಂಡು ತಲೆಕಟ್ಟು ಎಷ್ಟು ದಪ್ಪ, ಒತ್ತಕ್ಷರ ಮೈಯ ಎಷ್ಟು ಪಾಲು ಎಂದು ಅಳೆದು ಕಲಿಯುವುದು ಬೇರೆ, ಅದು ತಪ್ಪಲ್ಲ. ಬ್ರಶ್ಶಿನಿಂದಲೇ ನೇರವಾಗಿ ಬರೆಯುವುದಾದರೆ ಫ್ಲ್ಯಾಟ್ ಬ್ರಶ್ ಹಿಡಿದ ಕೋನವನ್ನು ಸಾಲಿನ ಕೊನೆಯವರೆಗೆ ಬದಲಿಸಬೇಡಿ, ಇಲ್ಲವಾದರೆ ದಪ್ಪ ತೆಳುವಿನ ಹದ ನಡುವೆಯೇ ತಪ್ಪುತ್ತದೆ.

ಎರಡು ಅಪಾಯಗಳನ್ನು ಹತ್ತಿರದಿಂದ ತೋರಿಸುತ್ತೇನೆ. ‘ರ’ದ ದುಂಡಿನೊಳಗೆ ಬಣ್ಣದ ಒಂದು ಹನಿ ಬಿದ್ದರೆ ಅದು ‘ಠ’ ಆಗುತ್ತದೆ, ‘ಗಿರಿ’ ಹೋಗಿ ‘ಗಿಠಿ’ಯಾಗುತ್ತದೆ. ‘ಬಾಟಲಿ’ಯ ಅಡಿಯಲ್ಲಿ ಅಲಂಕಾರಕ್ಕೆಂದು ಇಳಿಸಿದ ಸಣ್ಣ ಗೆರೆ ‘ಬ’ಕ್ಕೆ ತಾಗಿದರೆ ಸೀಳಿನಂತೆ ಕಂಡು ‘ಭಾಟಲಿ’ ಎಂದು ಓದಿಸುತ್ತದೆ. ಅಕ್ಷರಕ್ಕೆ ನೆರಳು, ಎರಡನೆಯ ಹೊರಗೆರೆ ಇವುಗಳನ್ನು ನಾನು ಬೇಡವೆನ್ನುವುದು ಇದಕ್ಕೇ.

## ಹಂತ 4: ಹಾಳೆಯನ್ನು ಹಲಗೆಗೆ ಬಿಗಿಯುವುದು

ದೊಡ್ಡ ಹಾಳೆಯ ನಡುವೆ 2ಎಚ್ ಪೆನ್ಸಿಲಿನಿಂದ 42 × 59.4ರ ಚೌಕಟ್ಟನ್ನು ಹಗುರಾಗಿ ಎಳೆಯಿರಿ, ಕತ್ತರಿಸಬೇಡಿ. ಎರಡು ಕರ್ಣಗಳನ್ನು ಅಳೆದು ಅವು ಸಮವಾಗಿದ್ದರೆ ಮೂಲೆಗಳು ನೇರವಾಗಿವೆ ಎಂದರ್ಥ. ನಂತರ ಚೌಕಟ್ಟಿನ ಹೊರಗಿನ ಹೆಚ್ಚುವರಿ ಭಾಗವನ್ನು ನಾಲ್ಕೂ ಬದಿಗೆ ಬಿಡುವಿಲ್ಲದಂತೆ ಟೇಪಿನಿಂದ ಹಲಗೆಗೆ ಅಂಟಿಸಿ. ಎದುರುಬದುರಾದ ಬದಿಗಳನ್ನು ಒಂದಾದ ಮೇಲೊಂದು ಎಳೆದು ಅಂಟಿಸಿದರೆ ಮಧ್ಯದಲ್ಲಿ ಉಬ್ಬು ಉಳಿಯದು. ಟೇಪು ಕೀಳುವಾಗ ಹಾಳೆಯ ಸಿಪ್ಪೆ ಎದ್ದರೂ ಅದು ಕತ್ತರಿಸಿ ಬಿಸಾಡುವ ಭಾಗದಲ್ಲಿಯೇ ಎದ್ದಿರುತ್ತದೆ.

ಮಳೆಗಾಲದಲ್ಲಿ ಹಾಳೆ ಮೊದಲೇ ಶೀತ ಎಳೆದುಕೊಂಡಿರುತ್ತದೆ. ಹಾಳೆಯನ್ನು ಹಿಂದಿನ ರಾತ್ರಿಯೇ ಕೆಲಸ ಮಾಡುವ ಕೋಣೆಗೆ ತಂದು, ನೆಲಕ್ಕೂ ಗೋಡೆಗೂ ತಾಗದಂತೆ ಮೇಜಿನ ಮೇಲೆ ಚಪ್ಪಟೆಯಾಗಿ ಇಡಿ. ಬೆರಳಿನಿಂದ ತಟ್ಟಿದಾಗ ಗರಿಗರಿ ಸದ್ದು ಬಾರದೆ ಮೆತ್ತಗಿದ್ದರೆ ಅಂದು ಬಣ್ಣಕ್ಕೆ ಕೈಹಾಕಬೇಡಿ.

## ಹಂತ 5: ನಕಲು ಇಳಿಸುವುದು

ಅಕ್ಷರದ ಪಟ್ಟಿ, ಚಿತ್ರದ ಹೊರಗೆರೆ ಎರಡನ್ನೂ ಟ್ರೇಸಿಂಗ್ ಪೇಪರಿನ ಹಿಂಬದಿಗೆ 6ಬಿ ಪೆನ್ಸಿಲ್ ಉಜ್ಜಿ, ಮೇಲಿನಿಂದ 2ಎಚ್‌ನಲ್ಲಿ ತಿದ್ದಿ ಹಾಳೆಗೆ ಇಳಿಸಿ. ಮೊದಲು ಅಕ್ಷರ ಇಳಿಯಲಿ, ಚಿತ್ರ ಅದಕ್ಕೆ ಹೊಂದಿಕೊಳ್ಳಲಿ. ಕಾರ್ಬನ್ ಪೇಪರ್ ಬಳಸಬೇಡಿ: ಅದರ ಗುರುತು ರಬ್ಬರಿಗೆ ಹೋಗುವುದಿಲ್ಲ, ಮೇಣದ ಅಂಶವಿರುವುದರಿಂದ ನೀರಿನ ಬಣ್ಣ ಅಲ್ಲಿ ಹಿಡಿಯುವುದೂ ಇಲ್ಲ.

## ಹಂತ 6: ಬಣ್ಣ ಆರಿಸಿ, ಕಲಸಿ, ಪರೀಕ್ಷಿಸುವುದು

ಮೂರು ಬಣ್ಣ ಮತ್ತು ಹಾಳೆಯ ಬಿಳುಪು ಇಷ್ಟೇ ಸಾಕು. ನಮ್ಮ ಪೋಸ್ಟರ್‌ಗೆ ಮಂಜಿನ ತಿಳಿಬೂದು, ಕಡುಹಸಿರು, ಕಿತ್ತಳೆ. ಹಿಂದಿನ ಗುಡ್ಡಗಳಿಗೆ ಅದೇ ಕಡುಹಸಿರಿಗೆ ಬಿಳಿಯನ್ನು ಹಂತಹಂತವಾಗಿ ಸೇರಿಸಿದರೆ ಬೇರೆ ಬಣ್ಣ ಕೊಳ್ಳದೆಯೇ ದೂರ ಹತ್ತಿರ ಕಾಣುತ್ತದೆ. ಕಿತ್ತಳೆ ಬಾಟಲಿಗೆ ಮಾತ್ರ.

ಪ್ರತಿ ಬಣ್ಣವನ್ನೂ ಆ ಭಾಗ ಪೂರ್ತಿ ಮುಗಿಯುವಷ್ಟು ಒಂದೇ ಸಲ ಕಲಸಿ ಡಬ್ಬಿಯಲ್ಲಿ ಮುಚ್ಚಿಡಬೇಕು. ಅರ್ಧದಲ್ಲಿ ಮುಗಿದರೆ ಅದೇ ಬಣ್ಣ ಮತ್ತೆ ಕೂಡುವುದು ಅಪರೂಪ. ಹದ ಹೇಳುವುದಾದರೆ, ನೀರುಮಜ್ಜಿಗೆಯಂತಿದ್ದರೆ ಕೆಳಗಿನ ಪೆನ್ಸಿಲ್ ಗೆರೆ ಕಾಣುತ್ತದೆ, ಗಟ್ಟಿ ಮೊಸರಿನಂತಿದ್ದರೆ ಒಣಗಿ ಬಿರುಕು ಬಿಡುತ್ತದೆ; ಕಡೆದ ಮೊಸರು ಚಮಚದಿಂದ ಜಾರುವ ಹದ ಸರಿ.

ಪೋಸ್ಟರ್ ಕಲರ್ ಒಣಗಿದಾಗ ತಿಳಿಬಣ್ಣಗಳು ತುಸು ಗಾಢವಾಗಿ, ಗಾಢಬಣ್ಣಗಳು ತುಸು ತಿಳಿಯಾಗಿ ಕಾಣುತ್ತವೆ. ಆದ್ದರಿಂದ ಅದೇ ಹಾಳೆಯ ತುಂಡೊಂದಕ್ಕೆ ಎಲ್ಲ ಬಣ್ಣಗಳನ್ನೂ ಅಕ್ಕಪಕ್ಕ ಬಳಿದು, ಒಣಗಿಸಿ, ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆಯಿರಿ. ಫೋಟೊದಲ್ಲಿ ಕಿತ್ತಳೆ ಮತ್ತು ಅದರ ಹಿಂದಿನ ಹಸಿರು ಒಂದೇ ಬೂದಾಗಿ ಕಂಡರೆ ದೂರದಿಂದ ಬಾಟಲಿ ಗುಡ್ಡದೊಳಗೆ ಕರಗಿಹೋಗುತ್ತದೆಂದು ತಿಳಿಯಿರಿ. ಹಸಿರನ್ನು ಇನ್ನಷ್ಟು ಕಡುವಾಗಿಸಿ. ಈ ಪರೀಕ್ಷೆ ಹಗಲಿನ ಬೆಳಕಿನಲ್ಲಿ ಆಗಬೇಕು. ಕರೆಂಟು ಹೋಗಿ ಎಮರ್ಜೆನ್ಸಿ ದೀಪದಲ್ಲಿ ಕಲಸಿದ ಬೂದು ಬೆಳಗ್ಗೆ ನೀಲಿಯಾಗಿ ಕಂಡದ್ದನ್ನು ನಾನೇ ಅನುಭವಿಸಿದ್ದೇನೆ.

## ಹಂತ 7: ಬಣ್ಣ ತುಂಬುವ ಅನುಕ್ರಮ

ಮೊದಲು ಆಕಾಶದ ಬೂದು, ಆಮೇಲೆ ಹಿಂದಿನ ಗುಡ್ಡದಿಂದ ಮುಂದಿನ ಗುಡ್ಡಕ್ಕೆ, ನಂತರ ಬಾಟಲಿ, ಎಲ್ಲ ಮುಗಿದ ಮೇಲೆ ಅಕ್ಷರ. ಅಳತೆಯಲ್ಲಿ ಮೊದಲು ಬಂದ ಅಕ್ಷರ ಬಣ್ಣದಲ್ಲಿ ಕೊನೆಗೆ ಬರುವುದು ವಿರೋಧವೆನಿಸಬಹುದು. ಅದರ ಅಂಚು ಚೂಪಾಗಿ ಉಳಿಯಬೇಕಾದರೆ ಬೇರೆ ದಾರಿಯಿಲ್ಲ. ಹಿನ್ನೆಲೆಯ ಬಣ್ಣದಡಿ ಅಕ್ಷರದ ಗೆರೆ ಮುಚ್ಚಿಹೋಗುವುದರಿಂದ ಟ್ರೇಸಿಂಗ್ ಪಟ್ಟಿಯನ್ನು ಬಿಸಾಡದೆ ಇಟ್ಟುಕೊಂಡು, ಬಣ್ಣ ಪೂರ್ತಿ ಒಣಗಿದ ಮೇಲೆ ಮತ್ತೊಮ್ಮೆ ಇಳಿಸಬೇಕು. ಪಟ್ಟಿ ಅದೇ ಜಾಗಕ್ಕೆ ಕೂರಲು ಹಾಳೆಯ ಹೆಚ್ಚುವರಿ ಅಂಚಿನ ಮೇಲೆ ಎರಡು ಕೂಡುಗುರುತು ಹಾಕಿರಿ.

ದೊಡ್ಡ ಭಾಗಗಳಿಗೆ ಒಂದು ಇಂಚಿನ ಬ್ರಶ್ ಹಿಡಿದು ಮೊದಲ ಪದರವನ್ನು ಅಡ್ಡಡ್ಡಲಾಗಿ, ಅದು ಒಣಗಿದ ಮೇಲೆ ಎರಡನೆಯದನ್ನು ಉದ್ದುದ್ದಲಾಗಿ ಬಳಿಯಿರಿ. ಒಂದೇ ದಪ್ಪ ಪದರಕ್ಕಿಂತ ಎರಡು ತೆಳು ಪದರ ಸಮವಾಗಿ ಬರುತ್ತದೆ. ಒಣಗಿದ ಪೋಸ್ಟರ್ ಕಲರ್ ನೀರು ಸೋಕಿದರೆ ಮತ್ತೆ ಕರಗುತ್ತದೆಂಬುದನ್ನು ಮರೆಯದೆ ಎರಡನೆಯ ಪದರವನ್ನು ಉಜ್ಜದೆ, ಒಂದೇ ಎಳೆತದಲ್ಲಿ ಸಾಗಿಸಿ. ಬ್ರಶ್ಶಿನ ಹಿಂದೆ ಕೆಳಗಿನ ಬಣ್ಣ ಎದ್ದು ಬರತೊಡಗಿದರೆ ಅಲ್ಲಿಗೇ ಕೈ ನಿಲ್ಲಿಸಿ.

ಅಂಗೈಯ ಬೆವರು ಸಾಕು, ಕಲೆಯಾಗಲು. ಕೈಯಡಿ ಯಾವಾಗಲೂ ಒಂದು ಒಣ ಕಾಗದವಿರಲಿ. ಬಲಗೈಯವರು ಎಡದಿಂದ ಬಲಕ್ಕೆ, ಎಡಗೈಯವರು ಬಲದಿಂದ ಎಡಕ್ಕೆ ತುಂಬಬೇಕು. ಅಕ್ಷರಕ್ಕೆ ಮೊದಲು ಹೊರಗೆರೆಯನ್ನು 2ನೇ ಸಂಖ್ಯೆಯ ಬ್ರಶ್ಶಿನಿಂದ ಎಳೆದು, ಅದು ಒಣಗುವ ಮುನ್ನ ಒಳಭಾಗವನ್ನು 6ನೇ ಸಂಖ್ಯೆಯದರಿಂದ ತುಂಬಿ. ಹೊರಗೆರೆ ಒಣಗಿದ ಮೇಲೆ ತುಂಬಿದರೆ ಅಂಚಿನಲ್ಲಿ ದಿಣ್ಣೆ ಉಳಿಯುತ್ತದೆ.

ಜಡಿಮಳೆಯ ದಿನ ಒಂದು ಪದರ ಒಣಗಲು ಗಂಟೆಗಳೇ ಹಿಡಿಯಬಹುದು. ಹೇರ್ ಡ್ರೈಯರ್ ಬಳಸುವುದಾದರೆ ಒಂದು ಅಡಿ ದೂರದಿಂದ, ಅಲುಗಾಡಿಸುತ್ತಾ ಹಿಡಿಯಿರಿ. ಒಲೆಯ ಬಳಿ ಒಣಗಿಸುವುದು ಬೇಡ, ಒಂದು ಬದಿ ಮೊದಲೇ ಒಣಗಿ ಹಾಳೆ ಬಿಲ್ಲಿನಂತೆ ಬಾಗುತ್ತದೆ. ಹೊರನೋಟಕ್ಕೆ ಒಣಗಿದಂತಿದ್ದರೂ ಬೆರಳಿನ ಹಿಂಬದಿಯನ್ನು ತಾಗಿಸಿದಾಗ ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ.

## ಹಂತ 8: ತಿದ್ದುಪಡಿ

ಹನಿ ಬಿದ್ದಾಗ ಒರೆಸಬೇಡಿ. ಬಟ್ಟೆಯ ಮೂಲೆಯನ್ನು ತಾಗಿಸಿ ಹೀರಿಸಿಕೊಂಡು, ಪೂರ್ತಿ ಒಣಗಲು ಬಿಟ್ಟು, ಡಬ್ಬಿಯಲ್ಲಿ ಉಳಿಸಿದ ಹಿನ್ನೆಲೆಯ ಬಣ್ಣವನ್ನು ಹಚ್ಚಿ. ಗಾಢಬಣ್ಣದ ಕಲೆಯ ಮೇಲೆ ತಿಳಿಬಣ್ಣ ಹಚ್ಚುವುದಾದರೆ ನಡುವೆ ಒಂದು ತೆಳು ಬಿಳಿ ಪದರ ಬೇಕು. ಒಂದೇ ಜಾಗವನ್ನು ಮೂರನೆಯ ಸಲ ತಿದ್ದಲು ಹೋಗಬೇಡಿ, ಹಾಳೆಯ ಮೇಲ್ಮೈ ಜುಂಗು ಏಳುತ್ತದೆ. ಅದಕ್ಕಿಂತ ಆ ಅಕ್ಷರವನ್ನು ಬೇರೆ ಹಾಳೆಯಲ್ಲಿ ಬರೆದು, ಕತ್ತರಿಸಿ, ಅಚ್ಚುಕಟ್ಟಾಗಿ ಅಂಟಿಸುವುದು ಮೇಲು. ಕೈಯಿಂದ ಮಾಡಿದ ಕೆಲಸದಲ್ಲಿ ಅದು ದೋಷವೆನಿಸುವುದಿಲ್ಲ.

## ಹಂತ 9: ಕತ್ತರಿಸಿ, ಸಾಗಿಸಿ, ಒಪ್ಪಿಸುವುದು

ಒಂದು ರಾತ್ರಿ ಹಲಗೆಯ ಮೇಲೆಯೇ ಬಿಟ್ಟು ಮರುದಿನ ಸ್ಟೀಲ್ ಸ್ಕೇಲ್ ಇಟ್ಟು ಕಟರಿನಿಂದ ಚೌಕಟ್ಟನ್ನು ಕತ್ತರಿಸಿ. ಒಂದೇ ಸಲ ಒತ್ತಿ ಕತ್ತರಿಸುವ ಬದಲು ಹಗುರವಾಗಿ ಮೂರು ಸಲ ಎಳೆಯಿರಿ, ಸ್ಕೇಲ್ ಪೋಸ್ಟರ್‌ನ ಬದಿಗಿರಲಿ. ಅಲಗು ಜಾರಿದರೂ ಹೊರಗಿನ ಭಾಗ ಮಾತ್ರ ಕೆಡುತ್ತದೆ.

ನನ್ನ ಮೊದಲ ಪೋಸ್ಟರನ್ನು ನಾನು ಚಿಕ್ಕಮಗಳೂರಿನಿಂದ ಬೇಲೂರು ಮಾರ್ಗವಾಗಿ ಹಾಸನಕ್ಕೆ ಬಸ್ಸಿನಲ್ಲಿ ಒಯ್ದದ್ದು ದಿನಪತ್ರಿಕೆಯಲ್ಲಿ ಸುತ್ತಿ. ಕಿಟಕಿಯ ಸಂದಿಯಿಂದ ತೊಟ್ಟಿಕ್ಕಿದ ನೀರಿಗೆ ಪತ್ರಿಕೆಯ ಶಾಯಿಯೂ ಪೋಸ್ಟರ್‌ನ ಬಣ್ಣವೂ ಬೆರೆತು, ಹಾಸನದಲ್ಲಿ ಬಿಚ್ಚಿದಾಗ ಆಕಾಶದ ತುಂಬ ವರದಿಗಳಿದ್ದವು. ಎರಡು ದಪ್ಪ ರಟ್ಟುಗಳ ನಡುವೆ ಚಪ್ಪಟೆಯಾಗಿಟ್ಟು, ಬಣ್ಣದ ಮೇಲೆ ಬಟರ್ ಪೇಪರ್ ಹೊದಿಸಿ, ಹೊರಗೆ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಒಯ್ಯುವುದು ಸರಿಯಾದ ಕ್ರಮ. ಸುತ್ತಲೇಬೇಕಾದರೆ ಬಣ್ಣದ ಬದಿ ಹೊರಗಿರುವಂತೆ, ನಾಲ್ಕು ಇಂಚಿಗಿಂತ ಕಡಿಮೆಯಿಲ್ಲದ ಪೈಪಿನ ಅಗಲಕ್ಕೆ ಸಡಿಲವಾಗಿ ಸುತ್ತಿ. ಒಳಮುಖವಾಗಿ ಬಿಗಿಯಾಗಿ ಸುತ್ತಿದ ಬಣ್ಣ ಮಡಿಕೆಯಲ್ಲಿ ಉದುರುತ್ತದೆ.

ಹೆಸರು, ತರಗತಿ, ದಿನಾಂಕವನ್ನು ಹಾಳೆಯ ಹಿಂಬದಿಯಲ್ಲಿ ನೇರವಾಗಿ ಪೆನ್ನಿನಿಂದ ಒತ್ತಿ ಬರೆಯಬೇಡಿ, ಮುಂಬದಿಯಲ್ಲಿ ಉಬ್ಬು ಕಾಣುತ್ತದೆ. ಬೇರೆ ಚೀಟಿಯಲ್ಲಿ ಬರೆದು ಕೆಳಗಿನ ಬಲಮೂಲೆಗೆ ಅಂಟಿಸಿ, ಹನ್ನೆರಡು ಸಣ್ಣ ಕರಡುಗಳನ್ನೂ ಟ್ರೇಸಿಂಗ್ ಪಟ್ಟಿಯನ್ನೂ ಒಂದು ಲಕೋಟೆಯಲ್ಲಿಟ್ಟು ಪೋಸ್ಟರ್ ಜೊತೆಗೇ ಕೊಡಿ.